ಓದುಗರ ಪ್ರಶ್ನೆ, ವೈದ್ಯರ ಉತ್ತರ: ಆಸ್ಪತ್ರೆಯೊಳಗೆ ತಪ್ಪು ನುಸುಳುವ ಜಾಗಗಳು

ವಿಶ್ವ ಆರೋಗ್ಯ ಸಂಸ್ಥೆಯು 2019ರಿಂದ ಪ್ರತಿವರ್ಷ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವಾಗಿ ಆಚರಿಸುತ್ತಿದೆ. ಆ ನೆಪದಲ್ಲಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ಚಿಕಿತ್ಸೆ ಪಡೆಯುವ ಪ್ರತಿ ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯ ಹಾದಿಯಲ್ಲೇ ಏನಾದರೊಂದು ಹಾನಿ ತಗಲುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ತಪ್ಪಿಸಬಹುದಾದದ್ದು ಎಂಬುದು ಆ ಸಂಸ್ಥೆಯ ಅಂದಾಜು. ಬಂದ ಪತ್ರಗಳಲ್ಲಿ ಬಹುಪಾಲು ‘ತಪ್ಪು ಯಾರದು’ ಎಂದು ಕೇಳುತ್ತವೆ. ಅದಕ್ಕೆ ಉತ್ತರಿಸುವ ಮೊದಲು ತಪ್ಪು ಯಾವ ಹಂತದಲ್ಲಿ ನುಸುಳಿತು, ಅಲ್ಲಿ ಅದನ್ನು ತಡೆಯುವ ವ್ಯವಸ್ಥೆ ಏನಿತ್ತು ಎಂದು ನೋಡಲು ಪ್ರಯತ್ನಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಆಸ್ಪತ್ರೆಗಳ ಮತ್ತು ವ್ಯಕ್ತಿಗಳ ಹೆಸರುಗಳನ್ನು ತೆಗೆಯಲಾಗಿದೆ.

ಪ್ರಶ್ನೆ: ನಮ್ಮ ಅತ್ತೆಯವರನ್ನು ಮಂಡ್ಯದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಇಂಜೆಕ್ಷನ್ ಕೊಡಲು ಬಂದ ಸಿಸ್ಟರ್‌ಗಳು ಪ್ರತಿ ಸಲವೂ ‘ನಿಮ್ಮ ಹೆಸರೇನಮ್ಮಾ’ ಎಂದು ಕೇಳುತ್ತಿದ್ದರು. ‘ಇಷ್ಟು ದಿನದಿಂದ ಇಲ್ಲೇ ಬಿದ್ದಿದ್ದೀನಿ, ಇನ್ನೂ ನನ್ನ ಹೆಸರು ಗೊತ್ತಿಲ್ವಾ’ ಎಂದು ಅತ್ತೆಯವರು ಸಿಡುಕಿದರು. ಇದು ಅಸಡ್ಡೆಯಲ್ಲವೇ?
— ಗೃಹಿಣಿ, ಪಾಂಡವಪುರ

ಉತ್ತರ: ಅಲ್ಲ. ಆ ಸಿಸ್ಟರ್‌ಗಳು ತಮಗೆ ಕಲಿಸಿದ್ದನ್ನು ಸರಿಯಾಗಿ ಪಾಲಿಸುತ್ತಿದ್ದರು, ನಿಮ್ಮ ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ತಿಳಿಸಿ. ನಮ್ಮ ಸೀಮೆಯ ಯಾವುದೇ ಹೆಂಗಸರ ವಾರ್ಡಿಗೆ ಹೋದರೂ ಇಬ್ಬರು ಜಯಮ್ಮಂದಿರು, ಇಬ್ಬರು ಲಕ್ಷ್ಮಮ್ಮಂದಿರು ಸಿಗುತ್ತಾರೆ; ಎಷ್ಟೋ ಸಲ ಅವರ ವಯಸ್ಸೂ ಒಂದೇ, ಗಂಡಂದಿರ ಹೆಸರೂ ಒಂದೇ ಆಗಿರುತ್ತದೆ. ಹಾಸಿಗೆಯ ಸಂಖ್ಯೆಯನ್ನು ನಂಬುವಂತಿಲ್ಲ, ಏಕೆಂದರೆ ರಾತ್ರಿ ಯಾರನ್ನೋ ಐಸಿಯುಗೆ ಸಾಗಿಸಿದಾಗ ಕಿಟಕಿ ಪಕ್ಕದವರು ಬಾಗಿಲ ಪಕ್ಕಕ್ಕೆ ಬಂದಿರುತ್ತಾರೆ. ಆದ್ದರಿಂದಲೇ ಔಷಧಿ ಕೊಡುವಾಗ, ರಕ್ತ ತೆಗೆಯುವಾಗ, ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವಾಗ ಕನಿಷ್ಠ ಎರಡು ಗುರುತುಗಳನ್ನು, ಅಂದರೆ ಹೆಸರನ್ನೂ ಕೈಪಟ್ಟಿಯಲ್ಲಿರುವ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೂ, ತಾಳೆ ನೋಡಬೇಕೆಂಬ ನಿಯಮವಿದೆ. ‘ನೀವು ಜಯಮ್ಮ ಅಲ್ವಾ’ ಎಂದು ಕೇಳಿದರೆ ಕಿವಿ ಮಂದವಾದ, ಜ್ವರದ ಮಂಪರಿನಲ್ಲಿರುವ ಅಜ್ಜಿಯೊಬ್ಬರು ‘ಹ್ಞೂಂ’ ಎಂದುಬಿಡುತ್ತಾರೆ. ‘ಹೆಸರೇನು’ ಎಂದು ಕೇಳಿ ಅವರ ಬಾಯಿಂದಲೇ ಹೇಳಿಸುವುದು ಆ ಕಾರಣಕ್ಕೆ.

ರಕ್ತ ಕೊಡುವಾಗ ಈ ತಾಳೆ ನೋಡುವಿಕೆಗೆ ಇನ್ನೂ ಹೆಚ್ಚಿನ ತೂಕವಿದೆ. ರಕ್ತದ ಚೀಲದ ಮೇಲಿನ ಗುಂಪು, ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ರೋಗಿಯ ಹಾಸಿಗೆಯ ಪಕ್ಕದಲ್ಲೇ ಇಬ್ಬರು ಸಿಬ್ಬಂದಿ ಓದಿ ನೋಡಬೇಕು. ಮೊದಲ ಹದಿನೈದು ನಿಮಿಷ ರೋಗಿಯ ಮೇಲೆ ವಿಶೇಷ ನಿಗಾ ಇರಬೇಕು. ಆ ಹೊತ್ತಿನಲ್ಲಿ ಚಳಿ ನಡುಕ, ಸೊಂಟನೋವು, ಉಬ್ಬಸ ಕಾಣಿಸಿದರೆ ಡಾಕ್ಟರ್ ರೌಂಡ್ಸ್‌ಗೆ ಬರುವವರೆಗೆ ಕಾಯದೆ ತಕ್ಷಣ ಸಿಸ್ಟರ್‌ಗೆ ಹೇಳಿ ರಕ್ತ ನಿಲ್ಲಿಸಬೇಕು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ಇದೇ ಕ್ರಮ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಕೊಠಡಿಯಿಂದ ಹೊರಹೋಗುವ ಮೊದಲು, ಹೀಗೆ ಮೂರು ಸಲ ಇಡೀ ತಂಡ ನಿಂತು ರೋಗಿ ಯಾರು, ಯಾವ ಅಂಗ, ಯಾವ ಬದಿ, ಅಲರ್ಜಿ ಉಂಟೇ, ಹತ್ತಿ ಮತ್ತು ಸೂಜಿಗಳ ಎಣಿಕೆ ಸರಿಯಾಯಿತೇ ಎಂದು ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೂ, ತೊಡಕುಗಳ ಪ್ರಮಾಣ ಶೇ. 11ರಿಂದ ಶೇ. 7ಕ್ಕೂ ಇಳಿದುದು 2009ರ ಜನವರಿಯಲ್ಲಿ ಪ್ರಕಟವಾಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದೇ ಪಟ್ಟಿಯನ್ನು ಎಲ್ಲ ಕಡೆ ಜಾರಿಗೆ ತಂದಾಗ ಅಂಥ ಇಳಿಕೆ ಕಾಣಲಿಲ್ಲವೆಂದು 2014ರ ಅಧ್ಯಯನವೊಂದು ತಿಳಿಸಿತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕುಳಿತು ಹತ್ತೊಂಬತ್ತೂ ಚೌಕಗಳಿಗೆ ಒಟ್ಟಿಗೆ ಟಿಕ್ ಹಾಕುವ ಕಡೆ ಪಟ್ಟಿಯಿಂದ ಯಾರ ಜೀವವೂ ಉಳಿಯುವುದಿಲ್ಲ.

ಪ್ರಶ್ನೆ: ನನ್ನ ತಂದೆಯವರು ಅನೇಕ ವರ್ಷಗಳಿಂದ ಬಾಟಲಿಯ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಇನ್ಸುಲಿನ್ ಪೆನ್ನಿಗೆ (ಪೆನ್ನಿನ ಆಕಾರದ ಇಂಜೆಕ್ಷನ್ ಸಾಧನ) ಹಾಕುವ ಕಾರ್ಟ್ರಿಜ್, ಅಂದರೆ ಔಷಧಿ ತುಂಬಿದ ಕೊಳವೆ, ಬರೆದುಕೊಟ್ಟರು. ಪೆನ್ನಿನ ಸೂಜಿ ಸಿಗದ ಒಂದು ದಿನ, ಮನೆಯಲ್ಲಿದ್ದ ಹಳೆಯ ಸಿರಿಂಜಿನಲ್ಲೇ ಕಾರ್ಟ್ರಿಜ್‌ನಿಂದ 20 ಯೂನಿಟ್ ಎಳೆದು ಕೊಟ್ಟೆವು. ಎರಡು ಗಂಟೆಯೊಳಗೆ ಬೆವತು, ಮಾತು ತೊದಲಿ, ಪ್ರಜ್ಞೆ ತಪ್ಪಿದರು. ಈಗ ಚೇತರಿಸಿಕೊಂಡಿದ್ದಾರೆ. ಅಳತೆ ಸರಿಯಾಗಿಯೇ ಇತ್ತಲ್ಲ, ಹೀಗೇಕಾಯಿತು?
— ನಿವೃತ್ತ ಅಧ್ಯಾಪಕರು, ಕುವೆಂಪುನಗರ, ಮೈಸೂರು

ಉತ್ತರ: ನೀವು ನೋಡಿದ ಗೆರೆ ಸರಿಯಾಗಿತ್ತು, ಸಿರಿಂಜ್ ಬೇರೆಯದಾಗಿತ್ತು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಅದೇ ಒಂದು ಮಿಲಿಲೀಟರಿಗೆ 100 ಯೂನಿಟ್. ನಿಮ್ಮ ಮನೆಯ ಸಿರಿಂಜ್ 40ರ ಲೆಕ್ಕಕ್ಕೆ ಗೆರೆ ಎಳೆದದ್ದು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ. ಕಾರ್ಟ್ರಿಜ್‌ನ ಅರ್ಧ ಮಿಲಿಲೀಟರ್ ಎಂದರೆ 50 ಯೂನಿಟ್. ಅಂದರೆ ತಂದೆಯವರ ಮೈಗೆ ಹೋದದ್ದು ಎರಡೂವರೆ ಪಟ್ಟು. ಇದರ ತಿರುವುಮುರುವೂ ನಡೆಯುತ್ತದೆ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದವರಿಗೆ ಸಿಗುವುದು ಬರೀ 8 ಯೂನಿಟ್. ಅವರ ಸಕ್ಕರೆ ಇಳಿಯುವುದೇ ಇಲ್ಲ, ಮುಂದಿನ ಭೇಟಿಯಲ್ಲಿ ವೈದ್ಯರು ‘ಡೋಸ್ ಸಾಲದು’ ಎಂದು ಇನ್ನಷ್ಟು ಏರಿಸುತ್ತಾರೆ, ಆಮೇಲೊಂದು ದಿನ ಸರಿಯಾದ ಸಿರಿಂಜ್ ಕೈಗೆ ಬಂದಾಗ ಅಪಾಯ ಎದುರಾಗುತ್ತದೆ.

ಗುರುತು ಸುಲಭ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಈ ಎರಡು ಬಣ್ಣಗಳು ಸಂಜೆಯ ಬಲ್ಬಿನ ಬೆಳಕಿನಲ್ಲಿ, ಕಣ್ಣಿಗೆ ಪೊರೆ ಬಂದವರಿಗೆ, ಒಂದೇ ಎಂದು ತೋರುವುದರಿಂದ ಮುಚ್ಚಳವನ್ನಷ್ಟೇ ನೆಚ್ಚದೆ ಸಿರಿಂಜಿನ ಮೈಮೇಲೆ ಮುದ್ರಿಸಿರುವ ಸಂಖ್ಯೆಯನ್ನೂ, ಬಾಟಲಿಯ ಮೇಲಿನ ಸಂಖ್ಯೆಯನ್ನೂ ಹೊಂದಿಸಿ ನೋಡಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಇನ್ಸುಲಿನ್ ಎಳೆಯುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು; ಪೆನ್ನಿನ ಸೂಜಿ ಮುಗಿಯುವ ಮೊದಲೇ ತಂದಿಟ್ಟುಕೊಳ್ಳಿ. ಸಕ್ಕರೆ ಕುಸಿದಾಗ ಪ್ರಜ್ಞೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಇನ್ನು ಹೊಣೆಯ ಮಾತು. ಬಾಟಲಿಯಿಂದ ಪೆನ್ನಿಗೆ ಬದಲಾಯಿಸಿದ ದಿನ, ಮನೆಯ ಹಳೆಯ ಸಿರಿಂಜುಗಳನ್ನು ಇನ್ನು ಬಳಸಬಾರದೆಂದು ಹೇಳಬೇಕಾದದ್ದು ಆಸ್ಪತ್ರೆಯವರ ಕೆಲಸ. ಬಿಡುಗಡೆಯ ದಿನ ಬಿಲ್ಲು, ವಿಮೆ, ಆಂಬುಲೆನ್ಸುಗಳ ಗದ್ದಲದಲ್ಲಿ ಔಷಧಿಯ ವಿವರಣೆಗೆ ಸಿಗುವುದು ಎರಡು ನಿಮಿಷ. ಅದೂ ಹೊರಡುವ ಅವಸರದಲ್ಲಿರುವ ಯಾರೋ ಒಬ್ಬ ನೆಂಟರ ಕಿವಿಗೆ. ಮನೆಯಲ್ಲಿ ಔಷಧಿ ಕೊಡುವವರು ಯಾರೋ ಅವರನ್ನೇ ಕೂರಿಸಿಕೊಂಡು, ಹೇಳಿದ್ದನ್ನು ಅವರ ಬಾಯಲ್ಲಿ ಮರಳಿ ಹೇಳಿಸಿ, ಇನ್ಸುಲಿನ್ ಆದರೆ ಒಮ್ಮೆ ಎಳೆಸಿ ನೋಡಿ ಕಳಿಸಬೇಕು. ಚೀಟಿ ಬರೆಯುವ ವೈದ್ಯರಿಗೂ ಒಂದು ಮಾತು: ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 10 ಇದ್ದದ್ದು 100 ಆಗಿ ಓದಿಸಿಕೊಂಡ ಪ್ರಕರಣಗಳು ಲೋಕದ ಎಲ್ಲ ಕಡೆ ದಾಖಲಾಗಿವೆ. ಇಡೀ ಪದವನ್ನು ಬರೆಯಲು ಹಿಡಿಯುವುದು ಅರೆಕ್ಷಣ.

ಪ್ರಶ್ನೆ: ನಾನು ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಒಂದು ರಾತ್ರಿ ಡಿಸ್ಟಿಲ್ಡ್ ವಾಟರ್‌ನ ಪುಟ್ಟ ಸೀಸೆಗಳ, ಅಂದರೆ ಆಂಪ್ಯೂಲ್‌ಗಳ ಟ್ರೇಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಬೆರೆತಿರುವುದನ್ನು ಕಂಡೆ. ಯಾರಿಗೂ ಕೊಟ್ಟಿರಲಿಲ್ಲ. ಘಟನಾ ವರದಿ ಪುಸ್ತಕದಲ್ಲಿ ಬರೆಯೋಣವೆಂದರೆ ಹಿರಿಯ ಸಿಸ್ಟರ್ ಒಬ್ಬರು, ‘ಬರೆದರೆ ಹಿಂದಿನ ಶಿಫ್ಟಿನವಳಿಗೆ ಮೆಮೊ ಬರುತ್ತೆ, ಸುಮ್ಮನಿರಮ್ಮ, ಏನೂ ಆಗಿಲ್ಲವಲ್ಲ’ ಎಂದರು. ನಾನೇನು ಮಾಡಬೇಕಿತ್ತು?
— ಹೆಸರು ಬೇಡ, ಮೈಸೂರು

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ಬರೆಯಬೇಕಿತ್ತು, ಈಗಲೂ ಬರೆಯಬಹುದು. ಆದರೆ ನಿಮಗಿಂತ ಹೆಚ್ಚಾಗಿ ನಿಮ್ಮ ಆಡಳಿತ ಮಂಡಳಿಯವರಿಗೆ ಈ ಉತ್ತರ ತಲುಪಬೇಕು.

ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಡ್ರಿಪ್ಪಿನಲ್ಲಿ ಬೆರೆಸಿ, ತೆಳುವಾಗಿಸಿ, ನಿಧಾನವಾಗಿ ಕೊಟ್ಟರೆ ಅದು ಔಷಧಿ. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇಂಜೆಕ್ಷನ್ ಪುಡಿಯನ್ನು ಕರಗಿಸಲು ಬಳಸುವ ಡಿಸ್ಟಿಲ್ಡ್ ವಾಟರ್‌ನ ಆಂಪ್ಯೂಲ್ ಮತ್ತು ಇದರ ಆಂಪ್ಯೂಲ್ ಎರಡೂ 10 ಮಿಲಿಲೀಟರಿನವು, ಎರಡರಲ್ಲೂ ಇರುವುದು ನೀರಿನಂತೆ ತಿಳಿಯಾದ ದ್ರವ. ರಾತ್ರಿ ಮೂರು ಗಂಟೆಗೆ, ಡಬಲ್ ಡ್ಯೂಟಿಯ ಕೊನೆಯಲ್ಲಿ, ಮಬ್ಬು ಬೆಳಕಿನಲ್ಲಿ ಎಷ್ಟೇ ನಿಷ್ಠೆಯ ಸಿಸ್ಟರ್‌ಗೂ ಕೈ ತಪ್ಪಬಹುದು. ಆದ್ದರಿಂದ ‘ಎಚ್ಚರಿಕೆಯಿಂದಿರಿ’ ಎಂದು ಸುತ್ತೋಲೆ ಹೊರಡಿಸುವುದರಿಂದ ಪ್ರಯೋಜನ ಕಡಿಮೆ. ಆ ಆಂಪ್ಯೂಲನ್ನು ಸಾಮಾನ್ಯ ವಾರ್ಡಿನಿಂದಲೇ ಹೊರಗಿಡುವುದು. ಇಡಲೇಬೇಕಾದ ಐಸಿಯುನಂಥ ಕಡೆ ಬೀಗದ ಕಪಾಟಿನಲ್ಲಿ, ಕೆಂಪು ಎಚ್ಚರಿಕೆಯ ಚೀಟಿ ಅಂಟಿಸಿ, ಬೇರೆಯಾಗಿ ಇಡುವುದು. ಕೊಡುವ ಮೊದಲು ಇನ್ನೊಬ್ಬರು ಓದಿ ಸಹಿ ಹಾಕುವುದು: ಇವು ಕೆಲಸ ಮಾಡುವ ಉಪಾಯಗಳು. ಹೆಸರೋ ರೂಪವೋ ಹೋಲುವ ಉಳಿದ ಔಷಧಿಗಳಿಗೂ ಇದೇ ರೀತಿಯ ಪಟ್ಟಿಯೊಂದು ಪ್ರತಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಇರಬೇಕು.

ನೀವು ಕಂಡದ್ದು ಹಾನಿಯಾಗುವ ಮೊದಲೇ ಸಿಕ್ಕಿಬಿದ್ದ ತಪ್ಪು. ಆಸ್ಪತ್ರೆಗೆ ಇದಕ್ಕಿಂತ ಅಗ್ಗವಾಗಿ ಪಾಠ ಸಿಗುವುದಿಲ್ಲ. ಟ್ರೇ ತುಂಬಿದವರು ಯಾರು ಎಂಬುದಕ್ಕಿಂತ ಎರಡು ಪೆಟ್ಟಿಗೆಗಳು ಉಗ್ರಾಣದಲ್ಲಿ ಅಕ್ಕಪಕ್ಕ ಏಕಿದ್ದವು, ಈಚೆಗೆ ಕಂಪನಿ ಬದಲಾಗಿ ಆಂಪ್ಯೂಲಿನ ರೂಪ ಬದಲಾಯಿತೇ, ಆ ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಸಿಸ್ಟರ್‌ಗಳಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ನಾಳೆಯ ಸಾವೊಂದು ತಪ್ಪುತ್ತದೆ. ಮೆಮೊ ಕೊಟ್ಟರೆ ನಾಳೆಯಿಂದ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ, ಅಷ್ಟೇ. ವರ್ಷಪೂರ್ತಿ ಖಾಲಿಯಿರುವ ಘಟನಾ ವರದಿ ಪುಸ್ತಕವನ್ನು ತಪಾಸಣೆಗೆ ಬಂದವರ ಮುಂದೆ ಹೆಮ್ಮೆಯಿಂದ ಇಡುವ ಆಸ್ಪತ್ರೆಗಳಿವೆ. ನೂರಾರು ರೋಗಿಗಳು ಬಂದುಹೋಗುವ ಕಡೆ ಒಂದೂ ತಪ್ಪಿಲ್ಲವೆಂದರೆ ಅಲ್ಲಿ ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲವೆಂದೇ ನಾನು ಓದಿಕೊಳ್ಳುತ್ತೇನೆ. ಇದರರ್ಥ ಎಲ್ಲವನ್ನೂ ಮನ್ನಿಸಬೇಕೆಂದಲ್ಲ. ಕುಡಿದು ಡ್ಯೂಟಿಗೆ ಬಂದವರನ್ನೂ, ಗೊತ್ತಿದ್ದೂ ನಿಯಮ ಮುರಿದವರನ್ನೂ, ದಾಖಲೆ ತಿದ್ದಿದವರನ್ನೂ ಶಿಕ್ಷಿಸಲೇಬೇಕು. ಅದು ಬೇರೆ, ದಣಿದ ಕೈ ತಡವಿದ್ದು ಬೇರೆ.

ಘಟನೆಗಳನ್ನು ದಾಖಲಿಸಿ ವಿಶ್ಲೇಷಿಸುವ ವ್ಯವಸ್ಥೆ ಇರಬೇಕೆಂದು, ಆಸ್ಪತ್ರೆಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್ ಮಾನ್ಯತೆಯ ಮಾನದಂಡಗಳು ಕೇಳುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯ 2018ರಿಂದ 2025ರ ಅವಧಿಗೆಂದು ರೂಪಿಸಿದ ರಾಷ್ಟ್ರೀಯ ರೋಗಿ ಸುರಕ್ಷತಾ ಚೌಕಟ್ಟೂ ಇಂಥ ವರದಿಗಾರಿಕೆಗೆ ಒತ್ತು ಕೊಟ್ಟಿದೆ. ನೀವು ಬರೆಯುವಾಗ ಹಿಂದಿನ ಶಿಫ್ಟಿನವರ ಹೆಸರು ಬರೆಯಬೇಕಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಟ್ರೇಯಲ್ಲಿ, ಏನು ಕಂಡಿತು, ಏನು ಮಾಡಿದಿರಿ ಎಂಬಷ್ಟು ಸಾಕು. ಆಂಪ್ಯೂಲ್‌ಗಳ ಫೋಟೊ ಇದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ತೋರಿಸಿ.

ಪ್ರಶ್ನೆ: ಕೀಲುವಾತಕ್ಕೆಂದು ನಮ್ಮ ಅಣ್ಣನವರಿಗೆ ವಾರಕ್ಕೊಂದು ಸಲ ತೆಗೆದುಕೊಳ್ಳುವ ಮಾತ್ರೆ ಕೊಟ್ಟಿದ್ದರಂತೆ. ಅವರು ದಿನಾ ನುಂಗಿ ಬಾಯಿತುಂಬ ಹುಣ್ಣಾಗಿ ಆಸ್ಪತ್ರೆ ಸೇರಿದರು. ಅಂಥ ಮಾತ್ರೆಯೂ ಇರುತ್ತದೆಯೇ?
— ರೈತರು, ಮದ್ದೂರು

ಉತ್ತರ: ಇರುತ್ತದೆ. ನೀವು ಬರೆದಿರುವ ವಿವರ ನೋಡಿದರೆ ಅದು ಮೆಥೊಟ್ರೆಕ್ಸೇಟ್ ಇರಬೇಕು. ಕೀಲುವಾತಕ್ಕೆ ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತ, ಸೋಂಕು, ಕೊನೆಗೆ ಸಾವೂ ಸಂಭವಿಸುತ್ತದೆ. ಬಾಯಿಹುಣ್ಣು ಕಂಡ ಕೂಡಲೇ ಆಸ್ಪತ್ರೆಗೆ ಸೇರಿಸಿದ್ದು ಒಳ್ಳೆಯದಾಯಿತು. ಜೊತೆಯಲ್ಲಿ ಕೊಡುವ ಫೋಲಿಕ್ ಆಸಿಡ್ ಮಾತ್ರೆಯೂ ಚಿಕ್ಕದು, ಹಳದಿಯದು, ಎರಡೂ ಅದಲುಬದಲಾಗುವುದುಂಟು. ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯದೆ ‘ಪ್ರತಿ ಭಾನುವಾರ ಮಾತ್ರ’ ಎಂದು ವಾರದ ಹೆಸರನ್ನೇ ಕನ್ನಡದಲ್ಲಿ ಬರೆಯಬೇಕು, ಒಂದು ಸಲಕ್ಕೆ ನಾಲ್ಕು ವಾರದ ಮಾತ್ರೆಗಿಂತ ಹೆಚ್ಚು ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಔಷಧಿಯ ಜೆನೆರಿಕ್ ಹೆಸರನ್ನು (ಬ್ರಾಂಡಿನದಲ್ಲ, ಮೂಲ ಔಷಧಿಯ ಹೆಸರು) ಸ್ಪಷ್ಟವಾಗಿ, ಸಾಧ್ಯವಾದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತು. ಚೀಟಿ ಓದಲಾಗದಿದ್ದರೆ ಮೆಡಿಕಲ್ ಸ್ಟೋರಿನವರು ಊಹಿಸಿ ಕೊಡುವುದಕ್ಕಿಂತ ವೈದ್ಯರಿಗೆ ಫೋನ್ ಮಾಡಿ ಕೇಳಲಿ.

ಪ್ರಶ್ನೆ: ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಮೈತುಂಬ ದದ್ದು ಎದ್ದಿತು. ಇದನ್ನು ರೋಗಿಯೇ ಎಲ್ಲಿಯಾದರೂ ತಿಳಿಸಬಹುದೇ?
— ವಿದ್ಯಾರ್ಥಿನಿ, ನಂಜನಗೂಡು

ಉತ್ತರ: ಖಂಡಿತ ತಿಳಿಸಬಹುದು. ಔಷಧಿಗಳ ದುಷ್ಪರಿಣಾಮಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. 1800-180-3024 ಎಂಬ ಉಚಿತ ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದು. ನಿಮಗೆ ಹತ್ತಿರದಲ್ಲೇ, ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿ, ಈ ಕೆಲಸ ಬಹಳ ಕಾಲದಿಂದ ನಡೆಯುತ್ತಿದೆ. ಔಷಧಿಯ ಹೆಸರಿನ ಜೊತೆ ಬ್ಯಾಚ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ಆದ್ದರಿಂದ ಸ್ಟ್ರಿಪ್ ಎಸೆಯಬೇಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ. ಅಂಥ ಹೊತ್ತಿನಲ್ಲಿ ಯಾವ ಬಾಟಲಿ ಯಾರಿಗೆ ಹೋಯಿತೆಂಬುದನ್ನು ಬ್ಯಾಚ್ ಸಂಖ್ಯೆಯಿಲ್ಲದೆ ಹಿಡಿಯುವುದು ಕಷ್ಟ. ನಿಮಗೆ ಆಗದ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.

ಪ್ರಶ್ನೆ: ನಮ್ಮ ಚಿಕ್ಕಪ್ಪನವರು ಖಾಸಗಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಚಿಕಿತ್ಸೆಯಲ್ಲಿ ಲೋಪವಾಗಿದೆ ಎಂಬ ಸಂದೇಹವಿದೆ. ಕೇಸ್ ಶೀಟ್ ಕೇಳಿದರೆ ‘ಅದೆಲ್ಲ ಕೊಡಲು ಬರುವುದಿಲ್ಲ’ ಎನ್ನುತ್ತಾರೆ.
— ವ್ಯಾಪಾರಿ, ಮಂಡ್ಯ

ಉತ್ತರ: ಕೊಡಲು ಬರುತ್ತದೆ. ರೋಗಿಯೋ ಅವರ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕೆಂದು ವೈದ್ಯರ ವೃತ್ತಿಸಂಹಿತೆಯ 2002ರ ನಿಯಮಗಳು ಹೇಳುತ್ತವೆ. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದು, ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಿರಿ. ಕೊಡದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಕಾಲಮಿತಿ ಇದೆ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು, ಅದಕ್ಕೆ ಬೇರೊಬ್ಬ ವೈದ್ಯರ ನಿಷ್ಪಕ್ಷಪಾತ ಅಭಿಪ್ರಾಯ ಬೇಕು ಎಂದು ಅದೇ ನ್ಯಾಯಾಲಯ 2005ರಲ್ಲಿ ಹೇಳಿತು.

ದಾಖಲೆ ಕೈಗೆ ಬಂದ ಮೇಲೆ, ವಕೀಲರಿಗಿಂತ ಮೊದಲು ನಿಮಗೆ ಪರಿಚಯವಿರುವ ಬೇರೊಬ್ಬ ವೈದ್ಯರಿಗೆ ತೋರಿಸಿ. ಸರಿಯಾದ ಚಿಕಿತ್ಸೆ ಕೊಟ್ಟರೂ ರೋಗ ಗೆಲ್ಲುವ ಸಂದರ್ಭಗಳಿವೆ, ಅದಕ್ಕೂ ಲೋಪಕ್ಕೂ ಇರುವ ವ್ಯತ್ಯಾಸ ಕೇಸ್ ಶೀಟಿನಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ. ಇನ್ನು ಆಸ್ಪತ್ರೆಗಳ ವಿಷಯ: ನಡೆದದ್ದನ್ನು ಮೊದಲ ದಿನವೇ ಮನೆಯವರನ್ನು ಕೂರಿಸಿ ಹೇಳಿದ್ದರೆ ನಿಮ್ಮ ಪತ್ರ ನನಗೆ ಬರುತ್ತಲೇ ಇರಲಿಲ್ಲವೇನೋ. ಮೌನವೇ ಅನುಮಾನವನ್ನು ಬೆಳೆಸುತ್ತದೆ ಎಂಬುದು ಕಾನೂನು ಸಲಹೆಗಾರರ ಮಾತು ಕೇಳಿ ಬಾಯಿ ಮುಚ್ಚಿಕೊಳ್ಳುವ ಆಡಳಿತಗಳಿಗೆ ಇನ್ನೂ ಹೊಳೆದಿಲ್ಲ.

ಪ್ರಶ್ನೆ: ಪರೀಕ್ಷಿಸಲು ಬಂದ ಡಾಕ್ಟರಿಗೆ ‘ಕೈ ತೊಳೆದುಕೊಳ್ಳಿ ಸರ್’ ಎಂದು ಹೇಳಬಹುದೇ? ಕೋಪಿಸಿಕೊಂಡರೆ?
— ಶ್ರೀರಂಗಪಟ್ಟಣ

ಉತ್ತರ: ಹೇಳಬಹುದು. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರು ಕೈ ತೊಳೆಯುವಂತೆ ಮಾಡಿ ಸೆಮ್ಮೆಲ್‌ವೈಸ್ ಬಾಣಂತಿಯರ ಸಾವನ್ನು ಇಳಿಸಿದ್ದು 1847ರಲ್ಲಿ. ಆಗಲೂ ಸಹೋದ್ಯೋಗಿಗಳು ಕೋಪಿಸಿಕೊಂಡಿದ್ದರು. ನೇರವಾಗಿ ಹೇಳಲು ಸಂಕೋಚವಾದರೆ ಹಾಸಿಗೆಯ ಪಕ್ಕದ ಸ್ಯಾನಿಟೈಸರ್ ಬಾಟಲಿಯನ್ನು ‘ತಗೊಳ್ಳಿ ಸರ್’ ಎಂದು ಮುಂದೆ ಹಿಡಿಯಿರಿ. ನೋಡಲು ಬರುವ ನೆಂಟರಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವರು ರೋಗಿಯ ಹಾಸಿಗೆಯ ಮೇಲೆ ಕೂರದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ತಾಯಿಯವರನ್ನು ಶಸ್ತ್ರಚಿಕಿತ್ಸೆಗೆ ಸೇರಿಸುತ್ತಿದ್ದೇವೆ. ಹೊರಡುವಾಗ ಏನೇನು ಜೊತೆಗೊಯ್ಯಬೇಕು?
— ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಹಳೆಯ ಚೀಟಿಗಳಿಗಿಂತ ಮಾತ್ರೆಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಏಕೆಂದರೆ ಚೀಟಿಯಲ್ಲಿರುವುದಕ್ಕೂ ಅವರು ದಿನನಿತ್ಯ ನುಂಗುತ್ತಿರುವುದಕ್ಕೂ ಅನೇಕ ಸಲ ಹೊಂದಿಕೆ ಇರುವುದಿಲ್ಲ. ಬೇರೆ ಬೇರೆ ಬ್ರಾಂಡಿನ ಹೆಸರಿನಲ್ಲಿ ಒಂದೇ ಔಷಧಿ ಎರಡು ಸಲ ಹೋಗುತ್ತಿರುವುದು ಆಗ ಹೊರಬೀಳುತ್ತದೆ. ಡೋಲೊ, ಕ್ರೋಸಿನ್, ಕಾಲ್ಪಾಲ್ ಮೂರೂ ಪ್ಯಾರಸಿಟಮಾಲ್ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಿ. ಅದನ್ನು ಯಾವಾಗ ನಿಲ್ಲಿಸಬೇಕು, ಶಸ್ತ್ರಚಿಕಿತ್ಸೆಯ ನಂತರ ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ. ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಯಾರೋ ಕೊಟ್ಟ ಮಂಡಿನೋವಿನ ಪುಡಿ, ಇವನ್ನೂ ಮುಚ್ಚಿಡದೆ ಅದೇ ಚೀಲಕ್ಕೆ ಹಾಕಿ. ಮಂಡಿನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಅದು ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಗೊತ್ತಿರಬೇಕು.